ಜಪಾನಿನ ಅಗ್ಗದ ಊಟ ತುಟ್ಟಿಯಾಗುತ್ತಿದೆ: ಉಪಚಾರದ ಬಿಲ್ಲು ಯಾರ ಹೆಸರಿಗೆ?

ಜಪಾನಿನ ಮೆಕ್‌ಡೊನಾಲ್ಡ್ಸ್ ಬೆಲೆಪಟ್ಟಿಯಲ್ಲಿ 1980ರ ದಶಕದಲ್ಲೇ ಸೇರಿಕೊಂಡ ಒಂದು ಸಾಲಿದೆ: ಸ್ಮೈಲ್, ಸೊನ್ನೆ ಯೆನ್. ಬರ್ಗರ್, ಫ್ರೈಸ್, ಕೋಲಾ ಜೊತೆಗೆ ನಗುವೂ ಪಟ್ಟಿಯಲ್ಲಿದೆ. ಬೇಕಿದ್ದರೆ ಕೇಳಬಹುದು, ಕೌಂಟರಿನಲ್ಲಿ ನಿಂತವರು ನಕ್ಕು ತೋರಿಸುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಅದೇ ಪಟ್ಟಿಯಲ್ಲಿ ಸಾದಾ ಹ್ಯಾಂಬರ್ಗರ್‌ನ ಕಥೆ ಬೇರೆ. 2022ರ ಆರಂಭದಲ್ಲಿ ಅದರ ಬೆಲೆ 110 ಯೆನ್. ಆ ಮಾರ್ಚ್‌ನಲ್ಲಿ 130 ಆಯಿತು, ಸೆಪ್ಟೆಂಬರ್‌ನಲ್ಲಿ 150, 2023ರ ಜನವರಿಯಲ್ಲಿ 170. ಒಂದು ವರ್ಷ ತುಂಬುವುದರೊಳಗೆ ಮೂರು ಸಲ ಏರಿಕೆ. ಬೆಲೆ ಏರುವುದು ಅಂದರೆ ಏನೆಂದೇ ಮರೆತಿದ್ದ ದೇಶಕ್ಕೆ ಇದು ದೊಡ್ಡ ಪೆಟ್ಟು.

ಈ ಏರಿಕೆಗೆ ಜನ ಕೊಡುವ ಕಾರಣ ಮಾಂಸ, ಗೋಧಿ, ಎಣ್ಣೆ, ಕರೆಂಟು. ಅದೆಲ್ಲ ನಿಜ. ಆದರೆ ಅಷ್ಟೇ ಅಲ್ಲ ಅಂತ ನನಗನ್ನಿಸುತ್ತದೆ. ಜಪಾನಿನ ಅಗ್ಗದ ಊಟದ ಜೊತೆ ಇಷ್ಟು ವರ್ಷ ಸುಮ್ನೆ ಸಿಗುತ್ತಿದ್ದ ಉಪಚಾರಕ್ಕೂ ಒಂದು ಖರ್ಚಿತ್ತು. ಅದನ್ನು ಗಿರಾಕಿ ಕೊಡಲಿಲ್ಲ, ಕಂಪನಿಯೂ ಪೂರ್ತಿ ಕೊಡಲಿಲ್ಲ. ಕೌಂಟರಿನ ಹಿಂದೆ ನಿಂತವರ ಮೈಯಿಂದ ಅದು ವಸೂಲಾಗುತ್ತಿತ್ತು. ಈಗ ಅಲ್ಲಿ ನಿಲ್ಲುವುದಕ್ಕೇ ಜನ ಸಿಗುತ್ತಿಲ್ಲ. ಆ ಹಳೆಯ ಬಾಕಿ ನಿಧಾನವಾಗಿ ಬಿಲ್ಲಿನ ಮೇಲೆ ಬರುತ್ತಿದೆ.

ಜಪಾನಿನ ಫಾಸ್ಟ್ ಫುಡ್ ಅಂದರೆ ಬರ್ಗರ್ ಒಂದೇ ಅಲ್ಲ. ಅಲ್ಲಿನ ದುಡಿಯುವ ಜನರ ನಿಜವಾದ ಫಾಸ್ಟ್ ಫುಡ್ ಗ್ಯೂದೊನ್. ಬೋಗುಣಿಯಲ್ಲಿ ಬಿಸಿ ಅನ್ನ, ಅದರ ಮೇಲೆ ಸಿಹಿ-ಉಪ್ಪಿನ ಸೋಯಾ ರಸದಲ್ಲಿ ಈರುಳ್ಳಿ ಜೊತೆ ಬೆಂದ ತೆಳು ದನದ ಮಾಂಸ. ಇದನ್ನು ಮಾರುವ ದೊಡ್ಡ ಕಂಪನಿಗಳು ಮೂರು: ಯೋಶಿನೋಯಾ, ಸುಕಿಯಾ, ಮತ್ಸುಯಾ. ಒಳಗೆ ಕಾಲಿಟ್ಟ ಕೂಡಲೇ 'ಇರಾಶ್ಶೈಮಾಸೆ' ಅಂತ ಜೋರಾದ ಸ್ವಾಗತ. ಕೂತ ತಕ್ಷಣ ಚಹಾ ಇಲ್ಲವೇ ತಣ್ಣೀರು. ಕೋಟು ಬಿಚ್ಚಿ ಪಕ್ಕಕ್ಕಿಡುವಷ್ಟರಲ್ಲಿ ಬೋಗುಣಿ ಮುಂದೆ ಬಂದಿರುತ್ತದೆ. ಕೆಂಪು ಶುಂಠಿ ಉಪ್ಪಿನಕಾಯಿಯ ಡಬ್ಬಿ ಅಲ್ಲೇ ಇರುತ್ತದೆ, ಬೇಕಾದಷ್ಟು ಹಾಕಿಕೊಳ್ಳಬಹುದು. ಮತ್ಸುಯಾದಲ್ಲಾದರೆ ಅಲ್ಲೇ ಕೂತು ತಿನ್ನುವವರಿಗೆ ಮಿಸೊ ಸಾರೂ ಪುಕ್ಕಟೆ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಎದ್ದು ಹೊರಟಾಗ ಮತ್ತೊಂದು ವಂದನೆ. ಇಷ್ಟೆಲ್ಲಾ 500 ಯೆನ್ ಒಳಗೆ, ನಮ್ಮ ಲೆಕ್ಕದಲ್ಲಿ ಸುಮಾರು 300 ರೂಪಾಯಿ. ಬೆಂಗಳೂರಿನಿಂದ ಟೋಕಿಯೋಗೆ ಹೋಗಿ ಬಂದವರು ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಮರ್ಯಾದೆ ಬೇರೆಲ್ಲೂ ಕಾಣಲಿಲ್ಲ ಅಂತ ಹೇಳಿದರೆ ಆಶ್ಚರ್ಯವಿಲ್ಲ.

ಈ ವೇಗಕ್ಕೆ ಹಳೆಯ ಬೇರಿದೆ. ಯೋಶಿನೋಯಾ ಶುರುವಾದದ್ದು 1899ರಲ್ಲಿ, ಟೋಕಿಯೋದ ನಿಹೊಂಬಾಶಿ ಮೀನು ಮಾರುಕಟ್ಟೆಯಲ್ಲಿ. ಆಮೇಲೆ ಮಾರುಕಟ್ಟೆಯ ಜೊತೆ ಅಂಗಡಿಯೂ ತ್ಸುಕಿಜಿಗೆ ಹೋಯಿತು. ಮೀನು ವ್ಯಾಪಾರಿಗಳಿಗೆ ಕೂತು ಕಾಲಹರಣ ಮಾಡಲು ಪುರುಸೊತ್ತಿರಲಿಲ್ಲ. ಬೇಗ ಬೇಕು, ರುಚಿಯಾಗಿರಬೇಕು, ಅಷ್ಟೇ. ಅಗ್ಗವೂ ಇರಬೇಕು ಎಂಬುದು ಆಮೇಲೆ ಸೇರಿಕೊಂಡ ಮಾತು. ಕೊನೆಗೆ ಆ ಮಾತೇ ಉಳಿದೆರಡನ್ನು ನುಂಗಿತು.

1990ರ ದಶಕದ ಆರಂಭದಲ್ಲಿ ಜಪಾನಿನ ಆಸ್ತಿ ಬೆಲೆಗಳ ಗುಳ್ಳೆ ಒಡೆಯಿತು. ಸಂಬಳ ನಿಂತಲ್ಲೇ ನಿಂತಿತು. ಕಂಪನಿಗಳ ಕೈಲಿ ಉಳಿದ ಒಂದೇ ಆಯುಧ ಬೆಲೆ ಇಳಿಕೆ. ಯೋಶಿನೋಯಾ 2001ರಲ್ಲಿ 400 ಯೆನ್ ಇದ್ದ ಗ್ಯೂದೊನ್ ಅನ್ನು 280ಕ್ಕೆ ಇಳಿಸಿತು. ಮೆಕ್‌ಡೊನಾಲ್ಡ್ಸ್ 2002ರಲ್ಲಿ ಹ್ಯಾಂಬರ್ಗರ್ ಅನ್ನು 59 ಯೆನ್‌ಗೆ ಮಾರಿತು. 1971ರಲ್ಲಿ ಟೋಕಿಯೋದ ಗಿಂಜಾದಲ್ಲಿ ಅದರ ಮೊದಲ ಅಂಗಡಿ ತೆರೆದಾಗ ಇದ್ದ ಬೆಲೆ 80 ಯೆನ್! ಮೂವತ್ತೊಂದು ವರ್ಷದ ನಂತರ ಅದಕ್ಕಿಂತ ಕಡಿಮೆ. ಹೀಗೆ ಒಂದಿಡೀ ತಲೆಮಾರು ಬೆಲೆ ಅಂದರೆ ನಿಲ್ಲುವುದು ಇಲ್ಲವೇ ಇಳಿಯುವುದು ಅಂದುಕೊಂಡೇ ಬೆಳೆಯಿತು. 2016ರಲ್ಲಿ 'ಗಾರಿಗಾರಿ-ಕುನ್' ಎಂಬ ಐಸ್‌ಕ್ಯಾಂಡಿಯ ಬೆಲೆ 25 ವರ್ಷದ ಮೇಲೆ 60ರಿಂದ 70 ಯೆನ್‌ಗೆ ಏರಿತು. ಆಗ ಕಂಪನಿಯ ಮುಖ್ಯಸ್ಥರು, ನೌಕರರು ಸಾಲಾಗಿ ನಿಂತು ತಲೆಬಾಗಿ ಕ್ಷಮೆ ಕೇಳುವ ಜಾಹೀರಾತು ಟಿವಿಯಲ್ಲಿ ಬಂತು. ಹತ್ತು ಯೆನ್‌ಗೆ ಅಷ್ಟು ದೊಡ್ಡ ಕ್ಷಮೆ.

ಬೆಲೆ ಇಳಿಸುತ್ತಾ ಹೋಗಿ, ಉಪಚಾರ ಮಾತ್ರ ಮೊದಲಿನ ಹಾಗೇ ಇರಬೇಕು ಅಂದರೆ ಏನಾಗುತ್ತದೆ? ಎರಡು ಪ್ರಸಂಗಗಳನ್ನು ನೋಡಿ.

ಮೊದಲನೆಯದು ಮೆಕ್‌ಡೊನಾಲ್ಡ್ಸ್‌ದು. 2012ರಲ್ಲಿ ಅದು ಕೌಂಟರಿನ ಮೇಲಿದ್ದ ಮೆನು ಹಾಳೆಗಳನ್ನು ತೆಗೆದುಹಾಕಿತು. ಗಿರಾಕಿ ಹಾಳೆ ನೋಡುತ್ತಾ ನಿಲ್ಲದಿದ್ದರೆ ಸಾಲು ಬೇಗ ಸಾಗುತ್ತದೆ ಎಂಬ ಲೆಕ್ಕ. ಮರುವರ್ಷದ ಜನವರಿಯಲ್ಲಿ 60 ಸೆಕೆಂಡಿನ ಯೋಜನೆ ಬಂತು. ದುಡ್ಡು ಕೊಟ್ಟ ಮೇಲೆ 60 ಸೆಕೆಂಡಿನೊಳಗೆ ತಿಂಡಿ ಕೈಗೆ ಬರದಿದ್ದರೆ ಉಚಿತ ಕೂಪನ್. ಅಡುಗೆಮನೆಯಲ್ಲಿ ಓಡೋಡಿ ಕೆಲಸ ಮಾಡಿದ್ದರ ಫಲ ಬ್ರೆಡ್ಡಿನಿಂದ ಹೊರಗೆ ಜಾರಿದ ಮಾಂಸದ ಬಿಲ್ಲೆ, ಚೆಲ್ಲಾಪಿಲ್ಲಿಯಾದ ಸೊಪ್ಪು. ಅಂಥ ಬರ್ಗರ್‌ಗಳ ಫೋಟೋಗಳು ಆನ್‌ಲೈನ್‌ನಲ್ಲಿ ಹರಿದಾಡಿದವು. ಮುಂದೆ ಮೆನು ಹಾಳೆ ಕೌಂಟರಿಗೆ ವಾಪಸ್ ಬಂತು. ವೇಗವನ್ನೇ ಉಪಚಾರ ಅಂದುಕೊಂಡರೆ ಹೀಗಾಗುತ್ತದೆ. ಏನು ತಿನ್ನಬೇಕು ಅಂತ ನಿಧಾನವಾಗಿ ನೋಡಿ ಆರಿಸುವ ಸಮಯವೂ ಗಿರಾಕಿಗೆ ಸಲ್ಲಬೇಕಾದ ಉಪಚಾರವೇ ಅಲ್ವಾ?

ಎರಡನೆಯದು ಸುಕಿಯಾದ್ದು, ಇದು ಹೆಚ್ಚು ಕಹಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ಅಂಗಡಿ ನಡೆಸುವ ವ್ಯವಸ್ಥೆ ಅಲ್ಲಿತ್ತು. 'ವಾನ್-ಓಪೆ' ಅಂತ ಅದಕ್ಕೆ ಹೆಸರೇ ಬಿದ್ದಿತ್ತು. ಸ್ವಾಗತ ಹೇಳುವವರು, ಆರ್ಡರ್ ತಗೊಳ್ಳುವವರು, ಅನ್ನ ಹಾಕುವವರು, ಪಾತ್ರೆ ತೊಳೆಯುವವರು, ದುಡ್ಡು ಎಣಿಸುವವರು ಎಲ್ಲಾ ಒಬ್ಬರೇ. ಒಬ್ಬರೇ ಇರುತ್ತಾರೆ ಅಂತ ಗೊತ್ತಾಗಿ ದರೋಡೆಗಳೂ ಜಾಸ್ತಿಯಾದವು. 2011ರಲ್ಲಿ ಪೊಲೀಸ್ ಇಲಾಖೆಯೇ ಕಂಪನಿಗೆ ಎಚ್ಚರಿಕೆ ಹೇಳಬೇಕಾಯಿತು. 2014ರ ಫೆಬ್ರವರಿಯಲ್ಲಿ ಒಲೆಯ ಮೇಲೆ ಬೇಯುತ್ತಲೇ ಬರುವ ಹಾಟ್‌ಪಾಟ್ ಊಟವನ್ನು ಮೆನುಗೆ ಸೇರಿಸಿದರು. ಅದರ ತಯಾರಿ ಹೆಚ್ಚು, ತೊಳೆಯುವುದು ಇನ್ನೂ ಹೆಚ್ಚು. ಜನ ಕೆಲಸ ಬಿಟ್ಟು ಹೋದರು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜುಲೈಯಲ್ಲಿ ಹೊರಗಿನ ತಜ್ಞರ ಸಮಿತಿ ವರದಿ ಕೊಟ್ಟಿತು. ತಿಂಗಳಿಗೆ 500 ಗಂಟೆಗೂ ಹೆಚ್ಚು ದುಡಿದವರು, ಎರಡು ವಾರ ಮನೆಗೇ ಹೋಗಲಾಗದವರು ಇದ್ದರು ಅಂತ ಅದರಲ್ಲಿ ಬರೆದಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ಮಾರಾಟ ತೆರಿಗೆಯನ್ನು 5ರಿಂದ 8 ಶೇಕಡಾಕ್ಕೆ ಏರಿಸಿತ್ತು. ಯೋಶಿನೋಯಾ, ಮತ್ಸುಯಾ ಬೆಲೆ ಏರಿಸಿದವು. ಸುಕಿಯಾ ಮಾತ್ರ 280ರಿಂದ 270 ಯೆನ್‌ಗೆ ಇಳಿಸಿತು. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬಾರದು. 270 ಯೆನ್‌ನ ಬೋಗುಣಿ ಸಾಧ್ಯವಾದದ್ದು 500 ಗಂಟೆ ದುಡಿದವರಿಂದ. ಆ ಆಗಸ್ಟ್‌ನಲ್ಲಿ ಬೆಲೆ 291ಕ್ಕೆ ಏರಿತು. ರಾತ್ರಿಯ ಒಂಟಿ ಪಾಳಿಯನ್ನೂ ನಿಲ್ಲಿಸಿದರು. ಆದರೆ ಬೆಳಗಿನ ಹೊತ್ತಿನ ಒಂಟಿ ಪಾಳಿ ಹಾಗೇ ಉಳಿಯಿತು. 2022ರ ಜನವರಿಯಲ್ಲಿ ನಗೋಯಾದ ಒಂದು ಅಂಗಡಿಯಲ್ಲಿ ಬೆಳಗಿನ ಪಾಳಿಗೆ ಒಬ್ಬರೇ ಇದ್ದ ಮಹಿಳೆಯೊಬ್ಬರು ಕುಸಿದು ಬಿದ್ದರು. ಎತ್ತಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರು ತೀರಿಕೊಂಡರು. ಅದಾದ ಮೇಲೆಯೇ ಕಂಪನಿ ಬೆಳಗಿನ ಒಂಟಿ ಪಾಳಿಯನ್ನೂ ಕೈಬಿಟ್ಟದ್ದು. ಅಗ್ಗದ ಊಟದ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಈ ಸಾವು ನೆನಪಾಗುತ್ತದೆ. ಅದನ್ನು ಬದಿಗಿಟ್ಟು 'ಜಪಾನಿನ ಸರ್ವಿಸ್ ಎಷ್ಟು ಚೆನ್ನ' ಅಂತ ಹೊಗಳುವುದು ನನ್ನಿಂದಾಗದು.

ಈಗ ಬೆಲೆ ಏಕೆ ಏರಿತು ಎಂಬ ನೇರ ಲೆಕ್ಕಕ್ಕೆ ಬರೋಣ. 2021ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 104 ಯೆನ್ ಇತ್ತು. 2024ರ ಜುಲೈ ಹೊತ್ತಿಗೆ 160 ದಾಟಿತು. ಗ್ಯೂದೊನ್‌ಗೆ ಬೇಕಾದ ಕೊಬ್ಬಿನ ಎಳೆಯಿರುವ ಮಾಂಸ ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿ ಬರಗಾಲದಿಂದಾಗಿ ದನಗಳ ಸಂಖ್ಯೆಯೇ 1951ರಿಂದೀಚೆಗಿನ ಕನಿಷ್ಠ ಮಟ್ಟಕ್ಕೆ ಬಂದಿದೆ. ಡಾಲರ್ ತುಟ್ಟಿ, ಮಾಂಸವೂ ತುಟ್ಟಿ. ಸಾಲದ್ದಕ್ಕೆ ಅಕ್ಕಿ. 2024ರ ಬೇಸಿಗೆಯಲ್ಲಿ ಟೋಕಿಯೋದ ಸೂಪರ್‌ಮಾರ್ಕೆಟ್‌ಗಳ ಅಕ್ಕಿ ಕಪಾಟುಗಳು ಖಾಲಿಯಾದವು. ಐದು ಕಿಲೋ ಚೀಲ ಸುಮಾರು 2,000 ಯೆನ್ ಇದ್ದದ್ದು ಒಂದು ವರ್ಷದಲ್ಲಿ 4,000 ದಾಟಿತು. 'ನಾನು ಅಕ್ಕಿ ಕೊಂಡವನೇ ಅಲ್ಲ' ಎಂಬರ್ಥದ ಮಾತಾಡಿದ ಕೃಷಿ ಮಂತ್ರಿ ಎತೊ ತಾಕು 2025ರ ಮೇ ತಿಂಗಳಲ್ಲಿ ಕುರ್ಚಿ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಕೊಯಿಜುಮಿ ಶಿಂಜಿರೊ ಸರ್ಕಾರದ ದಾಸ್ತಾನಿನ ಹಳೆ ಅಕ್ಕಿಯನ್ನು ಅಗ್ಗದಲ್ಲಿ ಅಂಗಡಿಗಳಿಗೆ ಬಿಡಬೇಕಾಯಿತು. ಅನ್ನದ ಬೋಗುಣಿ ಮಾರುವವರ ಪಾಡು ಹೇಗಿದ್ದಿರಬೇಕು, ಊಹಿಸಿಕೊಳ್ಳಿ.

ಸುಕಿಯಾದ ಸಾಮಾನ್ಯ ಬೋಗುಣಿ 2021ರ ಡಿಸೆಂಬರ್‌ನಲ್ಲಿ 350ರಿಂದ 400 ಆಯಿತು, 2024ರ ಏಪ್ರಿಲ್‌ನಲ್ಲಿ 430, ಆ ನವೆಂಬರ್‌ನಲ್ಲಿ 450, 2025ರ ಮಾರ್ಚ್‌ನಲ್ಲಿ 480. ಯೋಶಿನೋಯಾದ್ದು 2021ರಲ್ಲಿ 387 ಇದ್ದದ್ದು 2024ರಲ್ಲಿ 498 ಮುಟ್ಟಿತು. ಸುಶಿಯ ಕಥೆಯೂ ಇದೇ. 100 ಯೆನ್‌ಗೆ ಒಂದು ತಟ್ಟೆ ಅಂತಲೇ ಹೆಸರಾಗಿದ್ದ ಸುಶಿರೋ 2022ರ ಅಕ್ಟೋಬರ್‌ನಲ್ಲಿ ಆ ಬೆಲೆಗೆ ವಿದಾಯ ಹೇಳಿತು.

ಇವೆಲ್ಲ ಸಾಮಾನಿನ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಸುಕಿಯಾ ಇನ್ನೊಂದು ಕೆಲಸವನ್ನೂ ಮಾಡಿತು. ರಾತ್ರಿ 10ರಿಂದ ಬೆಳಗಿನ 5ರವರೆಗೆ ಊಟದ ಮೇಲೆ 7 ಶೇಕಡಾ ಹೆಚ್ಚುವರಿ ಶುಲ್ಕ. ಜಪಾನಿನ ಕಾನೂನಿನ ಪ್ರಕಾರ ಇದೇ ಹೊತ್ತಿನಲ್ಲಿ ದುಡಿಯುವವರಿಗೆ ಕನಿಷ್ಠ 25 ಶೇಕಡಾ ಹೆಚ್ಚು ಕೂಲಿ ಕೊಡಬೇಕು. ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ಅಂಗಡಿ ತೆರೆದಿಡಲು ಒಬ್ಬರು ಎದ್ದಿರಬೇಕು, ಅದಕ್ಕೆ ದುಡ್ಡಾಗುತ್ತದೆ ಎಂಬ ಮಾತು ಮೊದಲ ಸಲ ಗ್ಯೂದೊನ್ ಬಿಲ್ಲಿನ ಮೇಲೆ ಸ್ಪಷ್ಟವಾಗಿ ಬಂತು. ಎಷ್ಟೋ ಜನ ಬೈದರು. ನನ್ನ ಕಣ್ಣಿಗೆ ಮಾತ್ರ ಈ ನಾಲ್ಕು ವರ್ಷದ ಏರಿಕೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ.

ಇನ್ನೊಂದು ಕಡೆ ಉಪಚಾರವೂ ಬದಲಾಗುತ್ತಿದೆ. ಮತ್ಸುಯಾದಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ದುಡ್ಡು ಹಾಕಿ ಚೀಟಿ ತಗೊಳ್ಳುವುದು ಬಹಳ ಹಿಂದಿನಿಂದಲೂ ಇದೆ. ನಮ್ಮ ದರ್ಶಿನಿಗಳಲ್ಲಿ ಕ್ಯಾಷಿಯರ್ ಹತ್ತಿರ ಟೋಕನ್ ತಗೊಂಡು ಇಡ್ಲಿ-ವಡೆಗೆ ಕೈ ಚಾಚಿದ ಹಾಗೆ. ಈಗ ಉಳಿದವರೂ ಅದೇ ದಾರಿ ಹಿಡಿದಿದ್ದಾರೆ. ಮೇಜಿನ ಮೇಲೆ ಟ್ಯಾಬ್ಲೆಟ್, ಗೋಡೆಯ ಪಕ್ಕ ಟಚ್ ಸ್ಕ್ರೀನ್, ಮೊಬೈಲ್ ಆರ್ಡರ್. ಫ್ಯಾಮಿಲಿ ರೆಸ್ಟೋರೆಂಟ್‌ಗಳಲ್ಲಿ ಬೆಕ್ಕಿನ ಮುಖದ ರೋಬೋಟ್ ತಟ್ಟೆ ತಂದು ಕೊಡುತ್ತದೆ. ಇದರಿಂದ ನೌಕರರ ಕಾಲಿಗೆ ಸ್ವಲ್ಪ ಬಿಡುವು ಸಿಕ್ಕರೆ ಸಂತೋಷವೇ. ಕಷ್ಟ ಆಗುವುದು ವಯಸ್ಸಾದವರಿಗೆ. ಜಪಾನಿನಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. ಪಿಂಚಣಿಯಲ್ಲಿ ಒಂಟಿಯಾಗಿ ಬದುಕುವ ಎಷ್ಟೋ ಜನರಿಗೆ ಗ್ಯೂದೊನ್ ಅಂಗಡಿಯೇ ಅಡುಗೆಮನೆ. ದಿನದಲ್ಲಿ ಒಬ್ಬರ ಜೊತೆಗಾದರೂ ಎರಡು ಮಾತಾಡುವ ಜಾಗವೂ ಅದೇ ಆಗಿರಬಹುದು. ಬೆಲೆ ಏರಿಕೆ ಅವರ ಜೇಬಿಗೆ ತಾಕಿದರೆ ಯಂತ್ರ ಅವರ ಆತ್ಮವಿಶ್ವಾಸಕ್ಕೆ ತಾಕುತ್ತದೆ. ಯಂತ್ರ ಇರಲಿ, ಪಕ್ಕದಲ್ಲಿ ಕೇಳಿದರೆ ಹೇಳಿಕೊಡಲು ಒಬ್ಬರು ಇರಲಿ. ಇದು ದೊಡ್ಡ ಬೇಡಿಕೆಯಲ್ಲ.

ಗಿರಾಕಿಯ ನಡವಳಿಕೆಯೂ ಈ ಲೆಕ್ಕದೊಳಗೇ ಬರುತ್ತದೆ. 'ಗಿರಾಕಿಗಳೇ ದೇವರು' ಎಂಬ ಮಾತು ಜಪಾನಿನಲ್ಲಿ ಎಲ್ಲರ ಬಾಯಲ್ಲಿದೆ. ಅದನ್ನು ಜನಪ್ರಿಯ ಮಾಡಿದವರು ಮಿನಾಮಿ ಹರುವೊ ಎಂಬ ಗಾಯಕ, 1960ರ ದಶಕದಲ್ಲಿ. ದೇವರ ಮುಂದೆ ನಿಂತ ಹಾಗೆ ಮನಸ್ಸು ಶುದ್ಧ ಮಾಡಿಕೊಂಡು ಹಾಡಬೇಕು ಎಂಬುದು ಅವರ ಭಾವ. ಡಾ. ರಾಜ್‌ಕುಮಾರ್ 'ಅಭಿಮಾನಿ ದೇವರುಗಳೇ' ಅಂದದ್ದನ್ನು ಕೇಳಿ ಬೆಳೆದ ನಮಗೆ ಆ ಭಾವ ಸುಲಭವಾಗಿ ಅರ್ಥವಾಗುತ್ತದೆ. ಹಾಡುವವರು ತಮಗೆ ತಾವೇ ಹೇಳಿಕೊಂಡ ಮಾತದು. ಅಂಗಡಿಗೆ ಬಂದವರು ಅದನ್ನು ಹಕ್ಕಿನ ಹಾಗೆ ಹಿಡಿದುಕೊಂಡರು. 2013ರಲ್ಲಿ ಸಪ್ಪೊರೊದ ಬಟ್ಟೆ ಅಂಗಡಿಯೊಂದರಲ್ಲಿ ನೌಕರರನ್ನು ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳುವಂತೆ ಮಾಡಿದ ಗಿರಾಕಿಯನ್ನು ಪೊಲೀಸರು ಬಂಧಿಸಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಇಂಥ ಕಾಟಕ್ಕೆ ಅಲ್ಲಿ 'ಕಸುಹರ' ಅನ್ನುತ್ತಾರೆ.

ಟೋಕಿಯೋ ಇದರ ವಿರುದ್ಧ 2024ರ ಅಕ್ಟೋಬರ್‌ನಲ್ಲಿ ಕಾಯ್ದೆ ಮಾಡಿತು, 2025ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ದಂಡವಿಲ್ಲ, ಶಿಕ್ಷೆಯಿಲ್ಲ. ಆದರೂ ಗಿರಾಕಿ ಮಾಡುವುದೆಲ್ಲ ಸರಿಯಲ್ಲ ಅಂತ ಕಾಗದದ ಮೇಲೆ ಬಂತು. 2025ರ ಜೂನ್‌ನಲ್ಲಿ ಸಂಸತ್ತೂ ಕಾನೂನು ತಿದ್ದಿ, ನೌಕರರನ್ನು ಗಿರಾಕಿಗಳ ಕಾಟದಿಂದ ಕಾಪಾಡುವ ಹೊಣೆ ಕಂಪನಿಗಳದ್ದು ಅಂತ ಗೊತ್ತುಮಾಡಿತು. ಇದು ಬರೀ ಒಳ್ಳೆಯತನದ ಮಾತಲ್ಲ. ಬೈಸಿಕೊಳ್ಳುವ ಕೆಲಸಕ್ಕೆ ಈಗ ಜನ ಬರುವುದಿಲ್ಲ. ಪಕ್ಕದ ಗೋದಾಮಿನಲ್ಲಿ ಅದೇ ಕೂಲಿ ಸಿಗುತ್ತದೆ, ಅಲ್ಲಿ ಯಾರೂ ಕೂಗಾಡುವುದಿಲ್ಲ.

ಹಾಗಾದರೆ ಏರಿದ ಬೆಲೆ ದುಡಿಯುವವರ ಕೈಗೆ ಮುಟ್ಟುತ್ತಿದೆಯೇ? ಸ್ವಲ್ಪ ಮಟ್ಟಿಗೆ. ಟೋಕಿಯೋದಲ್ಲಿ ಗಂಟೆಯ ಕನಿಷ್ಠ ಕೂಲಿ 2014ರ ಏಪ್ರಿಲ್‌ನಲ್ಲಿ 869 ಯೆನ್. 2025ರ ಅಕ್ಟೋಬರ್‌ನಲ್ಲಿ 1,226. ಕೇಳಲು ದೊಡ್ಡ ಏರಿಕೆ. ಅದನ್ನೇ ಸುಕಿಯಾದ ಬೋಗುಣಿಯಲ್ಲಿ ಅಳೆದು ನೋಡಿ. 2014ರಲ್ಲಿ ಒಂದು ಗಂಟೆಯ ಕೂಲಿಗೆ ಮೂರು ಬೋಗುಣಿ ಬಂದು ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಈಗ ಮೂರು ಬರುವುದಿಲ್ಲ. ದೇಶದ ಒಟ್ಟು ಚಿತ್ರವೂ ಹೀಗೇ. ಬೆಲೆ ಏರಿಕೆ ಕಳೆದ ಮೇಲೆ ಉಳಿಯುವ ನಿಜ ಸಂಬಳ 2022, 2023, 2024 ಮೂರೂ ವರ್ಷ ಇಳಿಯಿತು. ಗ್ಯೂದೊನ್ ಬಡಿಸುವವರೇ ಅದನ್ನು ಕೊಂಡು ತಿನ್ನುವಾಗ ಮೊದಲಿಗಿಂತ ಹೆಚ್ಚು ಹೊತ್ತು ದುಡಿಯಬೇಕು. ಹಾಗಾಗಿ ಬೆಲೆ ಏರಬೇಕಿತ್ತು ಎಂಬ ನನ್ನ ಮಾತಿಗೆ ಒಂದು ಷರತ್ತಿದೆ: ಕೂಲಿ ಅದಕ್ಕಿಂತ ಬೇಗ ಏರಬೇಕು. ದೊಡ್ಡ ಕಂಪನಿಗಳು ಘೋಷಿಸುವ ಭಾರಿ ಸಂಬಳ ಏರಿಕೆಗಳು ಹೆಚ್ಚಾಗಿ ಕಾಯಂ ನೌಕರರಿಗೆ. ಕೌಂಟರಿನಲ್ಲಿ ನಿಲ್ಲುವವರು ಬಹುಪಾಲು ಗಂಟೆ ಲೆಕ್ಕದ ವಿದ್ಯಾರ್ಥಿಗಳು, ಗೃಹಿಣಿಯರು, ನೇಪಾಳ-ವಿಯೆಟ್ನಾಮಿನಿಂದ ಬಂದ ಯುವಕರು. ಗೃಹಿಣಿಯರಿಗೆ ಇನ್ನೊಂದು ತೊಡಕು. ವರ್ಷದ ಗಳಿಕೆ ಒಂದು ಮಿತಿ ದಾಟಿದರೆ ವಿಮೆ ಕಂತು ತಾವೇ ಕಟ್ಟಬೇಕು. ಹಾಗಾಗಿ ಕೂಲಿ ಏರಿದಷ್ಟೂ ಅವರು ಗಂಟೆ ಕಡಿಮೆ ಮಾಡುತ್ತಾರೆ. ಅಂಗಡಿಯಲ್ಲಿ ಜನ ಮತ್ತೆ ಸಾಲದು.

ಬೆಲೆ ಏರಿಸದೆ ನಡೆಯಬಹುದು ಎನ್ನುವವರು ಸೈಜೆರಿಯಾವನ್ನು ತೋರಿಸುತ್ತಾರೆ. ಈ ಇಟಾಲಿಯನ್ ಶೈಲಿಯ ಅಗ್ಗದ ರೆಸ್ಟೋರೆಂಟ್‌ನ 'ಮಿಲಾನೊ ಡೋರಿಯಾ' ಎಂಬ ಅನ್ನದ ತಿನಿಸು 300 ಯೆನ್‌ಗೇ ನಿಂತಿತ್ತು. 2020ರಲ್ಲಿ 299 ಇದ್ದದ್ದನ್ನು 300 ಮಾಡಿದರು. ಅದೂ ಕೊರೊನಾ ಕಾಲದಲ್ಲಿ ಚಿಲ್ಲರೆ ನಾಣ್ಯ ಮುಟ್ಟುವುದು ಕಡಿಮೆಯಾಗಲಿ ಅಂತ. ಮೆಚ್ಚಬೇಕಾದ್ದೇ. ಆದರೆ ಆ ಕಂಪನಿಯ ಲಾಭದ ದೊಡ್ಡ ಪಾಲು ಬಂದದ್ದು ಚೀನಾ ಮುಂತಾದ ಏಷ್ಯಾದ ಅಂಗಡಿಗಳಿಂದ. ಹೊರಗೆ ಅಂಥ ಆಸರೆಯಿಲ್ಲದ ಮೂಲೆಯ ರಾಮೆನ್ ಅಂಗಡಿಗೆ ಈ ದಾರಿ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಸುಕಿಯಾ 480ರಿಂದ 450ಕ್ಕೆ ಇಳಿಯಿತು, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅದಕ್ಕೂ ಮುಂಚೆ ತೊತ್ತೊರಿ ಪ್ರಾಂತ್ಯದ ಅಂಗಡಿಯೊಂದರ ಮಿಸೊ ಸಾರಿನಲ್ಲಿ ಇಲಿ ಸಿಕ್ಕಿದ್ದು ಹೊರಬಂದು, ಮಾರ್ಚ್ ಕೊನೆಯಿಂದ ನಾಲ್ಕು ದಿನ ದೇಶದ ಹೆಚ್ಚುಕಡಿಮೆ ಎಲ್ಲಾ ಸುಕಿಯಾಗಳು ಮುಚ್ಚಿದ್ದವು. ಆಮೇಲೆ ಹೆಚ್ಚಿನ ಅಂಗಡಿಗಳಲ್ಲಿ ಬೆಳಗಿನ ಜಾವ ಒಂದು ಗಂಟೆ ಸ್ವಚ್ಛತೆಗೆಂದೇ ಬಾಗಿಲು ಹಾಕುವ ಪದ್ಧತಿ ಬಂತು. 24 ಗಂಟೆ ಎಂಬ ಹೆಮ್ಮೆಯಿಂದ ಒಂದು ಗಂಟೆ ಕಳೆದರೆ ಗಿರಾಕಿಗೂ ಒಳ್ಳೆಯದು, ನೌಕರರಿಗೂ ಒಳ್ಳೆಯದು. ಬೆಲೆ ಇಳಿಸಿದ್ದು ಮಾತ್ರ ನನಗೆ ಆತಂಕ ತಂದಿದೆ. 2014ರ ಇಳಿಕೆಯ ದುಡ್ಡು ಎಲ್ಲಿಂದ ಬಂತು ಅಂತ ಈಗ ಗೊತ್ತಿದೆ ತಾನೇ.

ಮುಂದಿನ ಜಗ್ಗಾಟ ತೆರಿಗೆಯದು. 2019ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಕೂತು ತಿಂದರೆ 10 ಶೇಕಡಾ ತೆರಿಗೆ, ಕಟ್ಟಿಸಿಕೊಂಡು ಹೋದರೆ 8. ಇಲ್ಲೇ ತಿನ್ನುತ್ತೀರಾ, ಪಾರ್ಸೆಲ್ಲಾ ಅಂತ ಕೌಂಟರಿನವರು ಕೇಳಬೇಕು. ಗಿರಾಕಿ ಪಾರ್ಸೆಲ್ ಅಂತ ಹೇಳಿ ಅಲ್ಲೇ ಕೂತು ತಿಂದರೂ ಅವರು ಏನೂ ಅನ್ನಲಾರರು. ಆಗ ಮೆಕ್‌ಡೊನಾಲ್ಡ್ಸ್, ಸುಕಿಯಾ, ಮತ್ಸುಯಾ ಎರಡಕ್ಕೂ ಒಂದೇ ಬೆಲೆ ಇಟ್ಟು ಆ ಜಗಳದಿಂದ ನೌಕರರನ್ನು ಉಳಿಸಿದವು. ಯೋಶಿನೋಯಾ ಬೇರೆ ಬೇರೆ ಬೆಲೆ ಇಟ್ಟಿತು. ಈಗ ದಿನಸಿ ಮತ್ತು ಪಾರ್ಸೆಲ್ ಮೇಲಿನ ತೆರಿಗೆಯನ್ನು ಇನ್ನಷ್ಟು ಇಳಿಸಬೇಕು, ಸೊನ್ನೆಯನ್ನೇ ಮಾಡಬೇಕು ಎಂಬ ಕೂಗು ರಾಜಕೀಯದಲ್ಲಿ ಜೋರಾಗಿದೆ. ಹಾಗಾದರೆ ಎರಡು ಶೇಕಡಾದ ಅಂತರ ಹತ್ತಕ್ಕೆ ಹೋಗುತ್ತದೆ. ಎರಡಕ್ಕೂ ಒಂದೇ ಬೆಲೆ ಇಡುವುದು ಆಗ ಕಷ್ಟ. ಕೂತು ತಿನ್ನುವವರು ಕಡಿಮೆಯಾದರೆ ಚಹಾ ತಂದಿಡುವ ಕೈಗಳನ್ನೇ ಮೊದಲು ಕಡಿಮೆ ಮಾಡುತ್ತಾರೆ. ತೆರಿಗೆಯ ಚರ್ಚೆಯಲ್ಲಿ ಆ ಕೌಂಟರಿನವರ ಮಾತನ್ನೂ ಕೇಳಬೇಕು.